ವಿಮ್‌ನಲ್ಲಿ ಉಳಿಸಿಟ್ಟ ಸೆಷನ್ ಸರಿಯಾಗಿ ವಾಪಸ್ ಬರ್ತಾ ಇಲ್ವಾ? ಲಕ್ಷಣ ನೋಡಿ ದೋಷ ಹಿಡಿಯೋಣ

ರಾತ್ರಿ ವಿಮ್ ಅನ್ನುವ ಪಠ್ಯ ಸಂಪಾದಕದಲ್ಲಿ ಆರು ಫೈಲುಗಳನ್ನು ನಾಲ್ಕು ವಿಂಡೋಗಳಲ್ಲಿ ಜೋಡಿಸಿ, ಸೆಷನ್ (ಅಂದರೆ ಆ ಜೋಡಣೆ) ಉಳಿಸಿ ಮಲಗಿರುತ್ತೀರಿ. ಬೆಳಗ್ಗೆ ತೆರೆದರೆ ವಿಂಡೋಗಳೇನೋ ಇವೆ, ಒಳಗೆ ಏನೂ ಇಲ್ಲ. ಇಲ್ಲವೇ ಎಲ್ಲ ಇದೆ, ಬಣ್ಣ ಮಾತ್ರ ಹೋಗಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಸೆಷನ್ ಫೈಲನ್ನು ಅಳಿಸಿ ಮೊದಲಿನಿಂದ ಜೋಡಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಏನು ಕೆಟ್ಟಿದೆ ಅನ್ನುವ ಸುಳಿವು ಆ ಫೈಲಿನಲ್ಲೇ ಇರುತ್ತದೆ. ಅದು ಬರೀ ಪಠ್ಯ, ತೆರೆದು ಓದಬಹುದು.

ಇಲ್ಲಿ ಹೇಳುವುದು ಟರ್ಮಿನಲ್‌ನಲ್ಲಿ ಓಡುವ ವಿಮ್ ಬಗ್ಗೆ. ಅದರಿಂದ ಕವಲೊಡೆದ ನಿಯೋವಿಮ್ ಬಳಸುವವರಿಗೂ ಹೆಚ್ಚುಕಮ್ಮಿ ಎಲ್ಲ ಹೊಂದುತ್ತದೆ, ಬೇರೆ ಇರುವಲ್ಲಿ ಹೇಳಿದ್ದೇನೆ. ಆಜ್ಞೆಗಳನ್ನು ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಿ. ಕೋಲನ್‌ನಿಂದ ಶುರುವಾಗುವುದನ್ನು ವಿಮ್ ಒಳಗೆ ಕೊಡಬೇಕು, ಉಳಿದದ್ದನ್ನು ಶೆಲ್‌ನಲ್ಲಿ, ಅಂದರೆ ಟರ್ಮಿನಲ್‌ನ ಆಜ್ಞೆ ಸಾಲಿನಲ್ಲಿ. ಸೆಷನ್ ಉಳಿಸುವ ಆಜ್ಞೆ :ಎಂಕೆಸೆಷನ್. ತೆರೆಯುವುದು ವಿಮ್ -ಎಸ್. ಆ ಎಸ್ ದೊಡ್ಡಕ್ಷರ. ಹೆಸರು ಕೊಡದಿದ್ದರೆ ಫೈಲಿಗೆ ಸೆಷನ್.ವಿಮ್ ಅಂತ ಹೆಸರಾಗುತ್ತದೆ. ಅಲ್ಲೂ ಮೊದಲ ಎಸ್ ದೊಡ್ಡದೇ.

ಏನನ್ನೂ ಮುಟ್ಟುವ ಮೊದಲು

ಸೆಷನ್ ಫೈಲಿನ ಒಂದು ನಕಲು ಮಾಡಿಕೊಳ್ಳಿ. ಸಿಪಿ ಆಜ್ಞೆಯಿಂದ ಬೇರೆ ಹೆಸರಿಗೆ ನಕಲಿಸಿದರೆ ಸಾಕು. ದೋಷ ಹುಡುಕುವ ಗಡಿಬಿಡಿಯಲ್ಲಿ ಅರ್ಧಂಬರ್ಧ ಬಂದ ವಿಂಡೋಗಳ ಮೇಲೆ :ಎಂಕೆಸೆಷನ್! ಕೊಟ್ಟರೆ ಒಳ್ಳೆಯ ಸೆಷನ್ ಹೋಗಿ ಕೆಟ್ಟದ್ದು ಕೂರುತ್ತದೆ. ಆ ಆಶ್ಚರ್ಯ ಚಿಹ್ನೆಯ ಅರ್ಥ "ಹಳೆಯದರ ಮೇಲೆ ಬರೆ" ಅಂತ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಸೆಷನ್ ಉಳಿಸುವುದು ಜೋಡಣೆಯನ್ನು ಮಾತ್ರ. ಯಾವ ಫೈಲು, ಯಾವ ವಿಂಡೋದಲ್ಲಿ, ಕರ್ಸರ್ ಎಲ್ಲಿತ್ತು, ಮಡಿಕೆಗಳು (ಮಡಚಿ ಮರೆಮಾಡಿದ ಸಾಲುಗಳು) ಹೇಗಿದ್ದವು, ಇಷ್ಟು. ನೀವು ಬರೆದ ಅಕ್ಷರಗಳನ್ನು ಅದು ಉಳಿಸುವುದಿಲ್ಲ. :ಡಬ್ಲ್ಯೂ ಕೊಡದೆ ಬಿಟ್ಟ ಬದಲಾವಣೆ ಸೆಷನ್‌ನಲ್ಲಿ ಇರುವುದೇ ಇಲ್ಲ. ಅನ್‌ಡೂ ಇತಿಹಾಸ, ರಿಜಿಸ್ಟರ್‌ಗಳು (ನಕಲಿಸಿದ ಪಠ್ಯ ಕೂರುವ ಜಾಗಗಳು), ಆಜ್ಞೆಗಳ ಇತಿಹಾಸ ಕೂಡ ಇಲ್ಲ. ಅನ್‌ಡೂಗೆ ಅನ್‌ಡೂಫೈಲ್ ಅನ್ನುವ ಆಯ್ಕೆ ಬೇರೆ ಇದೆ, ಉಳಿದದ್ದನ್ನು ವಿಮ್‌ಇನ್ಫೋ ಅನ್ನುವ ನೆನಪಿನ ಫೈಲು ನೋಡಿಕೊಳ್ಳುತ್ತದೆ. "ಸೆಷನ್ ಬಂತು, ಯು ಒತ್ತಿದರೆ ಹಿಂದಕ್ಕೆ ಹೋಗುತ್ತಿಲ್ಲ" ಅನ್ನುವುದು ದೋಷ ಅಲ್ಲ.

ಲಕ್ಷಣ: ಆಜ್ಞೆಯೇ ನಡೆಯುವುದಿಲ್ಲ

ಪರದೆಯ ತಳದಲ್ಲಿ ಬರುವ ಸಂಖ್ಯೆಯನ್ನು ಓದಿ. ಮಾಯವಾಗಿದ್ದರೆ :ಮೆಸೇಜಸ್ ಕೊಡಿ, ಮತ್ತೆ ಬರುತ್ತದೆ.

ಇ319 ಬಂದರೆ ನಿಮ್ಮ ವಿಮ್‌ನಲ್ಲಿ ಈ ಸೌಲಭ್ಯವೇ ಸೇರಿಲ್ಲ. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ವಿಮ್-ಟೈನಿ ಅನ್ನುವ ಪುಟ್ಟ ಆವೃತ್ತಿ ಇದ್ದಾಗ ಹೀಗಾಗುತ್ತದೆ. ವಿಮ್ --ವರ್ಷನ್ ಕೊಟ್ಟು ಪಟ್ಟಿಯಲ್ಲಿ ಎಂಕೆಸೆಷನ್ ಹುಡುಕಿ. ಅದರ ಹಿಂದೆ ಪ್ಲಸ್ ಇದ್ದರೆ ಸರಿ, ಮೈನಸ್ ಇದ್ದರೆ ಪೂರ್ತಿ ವಿಮ್ ಪ್ಯಾಕೇಜ್ ಹಾಕಿಕೊಳ್ಳಬೇಕು. ಬೇರೆ ಯಾವ ಉಪಾಯವೂ ಕೆಲಸ ಮಾಡುವುದಿಲ್ಲ.

ಇ189 ಅಂದರೆ ಅದೇ ಹೆಸರಿನ ಫೈಲು ಆಗಲೇ ಇದೆ. ಇದು ದೋಷಕ್ಕಿಂತ ಎಚ್ಚರಿಕೆ. ಇ484 ಅಂದರೆ ಫೈಲು ಸಿಗಲಿಲ್ಲ. ಹತ್ತರಲ್ಲಿ ಒಂಬತ್ತು ಸಲ ನೀವು ಬೇರೆ ಫೋಲ್ಡರ್‌ನಲ್ಲಿ ನಿಂತಿರುತ್ತೀರಿ, ಅಷ್ಟೇ. ಎಂಕೆಸೆಷನ್ ಕೊಟ್ಟಾಗ ವಿಮ್ ಯಾವ ಫೋಲ್ಡರ್‌ನಲ್ಲಿತ್ತೋ ಅಲ್ಲೇ ಫೈಲು ಬೀಳುತ್ತದೆ. ಇ190 ಬಂದರೆ ಅಲ್ಲಿ ಬರೆಯಲು ಆಗಲಿಲ್ಲ. ಅನುಮತಿ ಇದೆಯಾ, ಡಿಸ್ಕ್ ತುಂಬಿದೆಯಾ ನೋಡಿ. ಡಿಎಫ್ -ಎಚ್ ಕೊಟ್ಟರೆ ಡಿಸ್ಕ್ ಲೆಕ್ಕ ಸಿಗುತ್ತದೆ.

ಡಿಸ್ಕ್ ತುಂಬಿದಾಗ ಸೆಷನ್ ಫೈಲು ಅರ್ಧಕ್ಕೇ ತುಂಡಾಗಿರಬಹುದು. ಪರೀಕ್ಷೆ ಸುಲಭ. ಫೈಲಿನ ಕೊನೆಗೆ ಹೋಗಿ. ಎಫ್‌ಟಿ=ವಿಮ್ ಅಂತ ಇರುವ ಟಿಪ್ಪಣಿ ಸಾಲು ಇದ್ದರೆ ಫೈಲು ಪೂರ್ತಿ ಇದೆ. ಇಲ್ಲದಿದ್ದರೆ ತುಂಡಾಗಿದೆ.

ಲಕ್ಷಣ: ವಿಂಡೋಗಳು ಬಂದವು, ಒಳಗೆಲ್ಲ ಖಾಲಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ತಪ್ಪು ಹೆಜ್ಜೆ ಇಟ್ಟರೆ ಹೊಸ ಗೊಂದಲ ಹುಟ್ಟುತ್ತದೆ.

ಸೆಷನ್ ಫೈಲಿನ ಮೊದಲ ಭಾಗದಲ್ಲಿ ಸಿಡಿ ಅಂತ ಶುರುವಾಗುವ ಸಾಲೊಂದು ಇರುತ್ತದೆ. ಆ ಫೋಲ್ಡರ್‌ಗೆ ಹೋಗಿ, ಅಲ್ಲಿಂದ ಫೈಲುಗಳನ್ನು ಲೆಕ್ಕ ಹಾಕು ಅಂತ ವಿಮ್‌ಗೆ ಹೇಳುವ ಸಾಲು ಅದು. ನೀವು ಪ್ರಾಜೆಕ್ಟ್ ಫೋಲ್ಡರಿನ ಹೆಸರು ಬದಲಿಸಿದ್ದರೆ, ಬೇರೆ ಯಂತ್ರಕ್ಕೆ ಒಯ್ದಿದ್ದರೆ, ಪೆನ್‌ಡ್ರೈವ್ ಸಿಕ್ಕಿಸದಿದ್ದರೆ ಆ ಸಾಲು ಸೋಲುತ್ತದೆ. ಆಗ ಇ344 ಬರುತ್ತದೆ. ಆದರೆ ಸೆಷನ್ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಸಾಲುಗಳು ಓಡುತ್ತಲೇ ಇರುತ್ತವೆ, ನೀವು ನಿಂತ ತಪ್ಪು ಫೋಲ್ಡರ್‌ನಲ್ಲೇ ಫೈಲುಗಳನ್ನು ಹುಡುಕುತ್ತವೆ. ಸಿಗದಿದ್ದರೆ ಅದೇ ಹೆಸರಿನ ಹೊಸ ಖಾಲಿ ಬಫರ್ (ಡಿಸ್ಕ್‌ಗೆ ಇನ್ನೂ ಬರೆಯದ ಪ್ರತಿ) ತೆರೆಯುತ್ತವೆ. ಹೆಸರು ಸರಿಯಾಗಿ ಕಾಣುವುದರಿಂದ ಫೈಲೇ ಅಳಿಸಿಹೋಯಿತು ಅಂತ ಎದೆ ಧಸಕ್ಕೆನ್ನುತ್ತದೆ. ಏನೂ ಅಳಿದಿಲ್ಲ.

ಈ ಸ್ಥಿತಿಯಲ್ಲಿ :ಡಬ್ಲ್ಯೂ ಕೊಡಬೇಡಿ. ತಪ್ಪು ಜಾಗದಲ್ಲಿ ಅದೇ ಹೆಸರಿನ ಖಾಲಿ ಫೈಲುಗಳು ಹುಟ್ಟಿಕೊಳ್ಳುತ್ತವೆ. :ಪಿಡಬ್ಲ್ಯೂಡಿ ಕೊಟ್ಟು ಎಲ್ಲಿದ್ದೀರಿ ನೋಡಿ. :ಕ್ಯೂಎ ಕೊಟ್ಟು ಹೊರಬನ್ನಿ. ಸೆಷನ್ ಫೈಲನ್ನು ಬರೀ ಪಠ್ಯವಾಗಿ ತೆರೆದು ಸಿಡಿ ಸಾಲಿನ ಹಾದಿ ತಿದ್ದಿ. ಕೆಳಗೆ ಪೂರ್ತಿ ಹಾದಿ ಬರೆದ ಫೈಲುಗಳಿದ್ದರೆ ಅವನ್ನೂ ಹುಡುಕಿ ಬದಲಿಸಿ.

ಫೋಲ್ಡರ್ ಆಗಾಗ ಜಾಗ ಬದಲಿಸುವುದಾದರೆ ಒಂದು ಗಟ್ಟಿ ಪರಿಹಾರ ಇದೆ. ಸೆಷನ್‌ನಲ್ಲಿ ಏನೇನು ಉಳಿಯಬೇಕು ಅಂತ ಹೇಳುವ ಸೆಷನ್‌ಆಪ್ಷನ್ಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಕರ್‌ಡಿರ್ ತೆಗೆದು ಸೆಸ್‌ಡಿರ್ ಸೇರಿಸಿ. ಆಗ ಸೆಷನ್ ಫೈಲು ಇರುವ ಜಾಗವೇ ಮೂಲವಾಗುತ್ತದೆ, ಫೋಲ್ಡರನ್ನು ಎಲ್ಲಿಗೆ ಒಯ್ದರೂ ನಡೆಯುತ್ತದೆ. ಕರ್‌ಡಿರ್, ಸೆಸ್‌ಡಿರ್ ಎರಡೂ ಒಟ್ಟಿಗೆ ಇರುವಂತಿಲ್ಲ. ಮೊದಲು ಕರ್‌ಡಿರ್ ತೆಗೆಯುವುದನ್ನು ಮರೆಯಬೇಡಿ.

ಒಂದೇ ಒಂದು ವಿಂಡೋ ಮಾತ್ರ ಖಾಲಿ, ಅದೂ ಎಡಗಡೆ ಉದ್ದಕ್ಕೆ? ಅದು ನರ್ಡ್‌ಟ್ರೀಯಂಥ ಫೈಲು ಮರದ ಪ್ಲಗಿನ್ ಇದ್ದ ಜಾಗ. ವಿಂಡೋ ಮಾತ್ರ ಬಂದಿದೆ, ಅದನ್ನು ತುಂಬುವ ಪ್ಲಗಿನ್ ಓಡಿಲ್ಲ. ಸೆಷನ್ ಉಳಿಸುವ ಮೊದಲು ಮರವನ್ನು ಮುಚ್ಚಿಬಿಡಿ.

ಲಕ್ಷಣ: ವಿಂಡೋಗಳ ಅಳತೆ ಕೆಟ್ಟಿದೆ

ವಿಮ್ ಅಳತೆಯನ್ನು ಅನುಪಾತದಲ್ಲಿ ಉಳಿಸುತ್ತದೆ. 200 ಅಂಕಣ ಅಗಲದ ಟರ್ಮಿನಲ್‌ನಲ್ಲಿ 100 ಅಂಕಣ ಹಿಡಿದಿದ್ದ ವಿಂಡೋ, 80 ಅಂಕಣದ ಟರ್ಮಿನಲ್‌ನಲ್ಲಿ ತೆರೆದಾಗ 40ಕ್ಕೆ ಇಳಿಯುತ್ತದೆ. ದೊಡ್ಡ ಮಾನಿಟರ್ ಬಿಟ್ಟು ಲ್ಯಾಪ್‌ಟಾಪ್‌ಗೆ ಬಂದಾಗ ಎಲ್ಲ ಇಕ್ಕಟ್ಟಾಗುವುದು ಸಹಜ. ಕಂಟ್ರೋಲ್-ಡಬ್ಲ್ಯೂ ಒತ್ತಿ ಆಮೇಲೆ = ಒತ್ತಿದರೆ ಎಲ್ಲ ಸಮ ಆಗುತ್ತವೆ. ಇ36 ಬಂದರೆ ವಿಂಡೋಗಳಿಗೆ ಜಾಗವೇ ಸಾಲಲಿಲ್ಲ. ಟರ್ಮಿನಲ್ ದೊಡ್ಡದು ಮಾಡಿ ಮತ್ತೆ ತೆರೆಯಿರಿ.

ಅದೇ ಮಾನಿಟರ್, ಅದೇ ಟರ್ಮಿನಲ್, ಆದರೂ ಕೆಟ್ಟಿದೆ ಅಂದರೆ ಬೇರೆ ಕಾರಣ ಇದೆ. ಶೆಲ್‌ನಲ್ಲಿ ಎಸ್‌ಟಿಟಿವೈ ಸೈಜ್ ಕೊಡಿ. ಎರಡು ಸಂಖ್ಯೆ ಬರುತ್ತವೆ, ಮೊದಲನೆಯದು ಸಾಲು, ಎರಡನೆಯದು ಅಂಕಣ. ಈಗ ಖಾಲಿ ವಿಮ್ ತೆರೆದು, ಒಂದು ಕ್ಷಣ ಬಿಟ್ಟು, :ಸೋರ್ಸ್ ಸೆಷನ್.ವಿಮ್ ಕೊಡಿ. ಹೀಗೆ ಮಾಡಿದಾಗ ಅಳತೆ ಸರಿಯಾಗಿ ಬಂದರೆ, ಟರ್ಮಿನಲ್ ತನ್ನ ಪೂರ್ತಿ ಗಾತ್ರಕ್ಕೆ ಬೆಳೆಯುವ ಮೊದಲೇ ಸೆಷನ್ ತೆರೆದುಕೊಳ್ಳುತ್ತಿತ್ತು ಅಂತ ಗೊತ್ತಾಯಿತು. ಟರ್ಮಿನಲ್ ತೆರೆಯುವಾಗಲೇ ವಿಮ್ ಓಡಿಸುವ ಶಾರ್ಟ್‌ಕಟ್ ಇಟ್ಟುಕೊಂಡವರಿಗೆ ಇದು ಜಾಸ್ತಿ ಕಾಡುತ್ತದೆ.

ಸೆಷನ್‌ಆಪ್ಷನ್ಸ್‌ನಲ್ಲಿ ರಿಸೈಜ್ ಇದೆಯಾ ಅಂತಲೂ ನೋಡಿ. ಅದು ಇಡೀ ಪರದೆಯ ಗಾತ್ರವನ್ನೇ ಬದಲಿಸಲು ಹೋಗುತ್ತದೆ. ಟರ್ಮಿನಲ್‌ನಲ್ಲಿ ಅದರಿಂದ ಲಾಭ ಇಲ್ಲ, ತೆಗೆಯಿರಿ. ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಕೆಲಸವನ್ನು ಜೀವಂತ ಇಡುವ ಪ್ರೋಗ್ರಾಂ) ಒಳಗೆ ಇದ್ದರೆ, ಬೇರೆ ಚಿಕ್ಕ ಪರದೆಯಿಂದಲೂ ನೀವು ಅದೇ ಟಿಮಕ್ಸ್‌ಗೆ ಸೇರಿಕೊಂಡಿರಬಹುದು. ಟಿಮಕ್ಸ್ ಅಟ್ಯಾಚ್ -ಡಿ ಕೊಟ್ಟರೆ ಉಳಿದವು ಕಳಚಿಕೊಳ್ಳುತ್ತವೆ.

ಲಕ್ಷಣ: ಎಲ್ಲ ಬಂತು, ಬಣ್ಣ ಮಾತ್ರ ಇಲ್ಲ

ಒಂದು ವಿಂಡೋದಲ್ಲಿ :ಇ ಕೊಟ್ಟು ನೋಡಿ. ಬಣ್ಣ ಬಂತಾ? ಹಾಗಿದ್ದರೆ ನಿಮ್ಮ ವಿಮ್‌ಆರ್‌ಸಿಯಲ್ಲಿ (ವಿಮ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲು) ಸೆಷನ್ ತಾನಾಗೇ ತೆರೆಯುವ ಸಾಲು ಬರೆದುಕೊಂಡಿದ್ದೀರಿ. ವಿಮ್‌ಎಂಟರ್ ಘಟನೆಗೆ, ಅಂದರೆ ವಿಮ್ ಶುರುವಾಗುವ ಕ್ಷಣಕ್ಕೆ, ಕಟ್ಟಿದ ಆಟೋಕಮಾಂಡ್ (ತಾನಾಗೇ ಓಡುವ ಆಜ್ಞೆ) ಅದು. ವಿಮ್‌ನಲ್ಲಿ ಒಂದು ಆಟೋಕಮಾಂಡ್ ಓಡುತ್ತಿರುವಾಗ ಒಳಗೆ ಇನ್ನೊಂದು ಓಡುವುದಿಲ್ಲ. ಫೈಲಿನ ಜಾತಿ ಗುರುತಿಸಿ ಬಣ್ಣ ಕೊಡುವ ಕೆಲಸವೂ ಆಟೋಕಮಾಂಡೇ ಆದ್ದರಿಂದ ಅದು ತಪ್ಪಿಹೋಗುತ್ತದೆ. ಆ ಸಾಲಿನಲ್ಲಿ, ವಿಮ್‌ಎಂಟರ್ ಮತ್ತು ನಕ್ಷತ್ರ ಚಿಹ್ನೆಯ ನಂತರ, ++ನೆಸ್ಟೆಡ್ ಅಂತ ಸೇರಿಸಿ. ಹಳೆಯ ವಿಮ್ ಆದರೆ ಪ್ಲಸ್‌ಗಳಿಲ್ಲದೆ ಬರೀ ನೆಸ್ಟೆಡ್. ಒಂದೇ ಪದದಲ್ಲಿ ಮುಗಿಯುವ ರಿಪೇರಿ, ಕಾರಣ ಗೊತ್ತಿಲ್ಲದಿದ್ದರೆ ದಿನಗಟ್ಟಲೆ ಹುಡುಕಬೇಕಾಗುತ್ತದೆ.

ಲಕ್ಷಣ: ವಿಮ್‌ಆರ್‌ಸಿ ಬದಲಿಸಿದರೂ ಹಳೆಯ ಸೆಟ್ಟಿಂಗೇ ಬರುತ್ತಿದೆ

ನನ್ನ ಪ್ರಕಾರ ಸೆಷನ್‌ಗಳ ತೊಂದರೆಯಲ್ಲಿ ಅತಿ ಹೆಚ್ಚು ಜನರನ್ನು ಅಲೆದಾಡಿಸುವುದು ಇದು. ಟ್ಯಾಬ್ ಅಗಲ 4 ಅಂತ ಮಾಡಿರುತ್ತೀರಿ. ಖಾಲಿ ವಿಮ್‌ನಲ್ಲಿ 4 ಇರುತ್ತದೆ. ಸೆಷನ್ ತೆರೆದರೆ 8. ಕೀಲಿಗೆ ಹೊಸ ಮ್ಯಾಪಿಂಗ್ ಕೊಟ್ಟಿರುತ್ತೀರಿ, ಸೆಷನ್‌ನಲ್ಲಿ ಹಳೆಯದೇ ನಡೆಯುತ್ತದೆ. ಪ್ಲಗಿನ್ ತೆಗೆದುಹಾಕಿದ್ದರೂ ಅದರ ಹೆಸರಿನಲ್ಲಿ ಎರರ್ ಬರುತ್ತದೆ.

ಖಚಿತ ಮಾಡಿಕೊಳ್ಳಲು :ವರ್ಬೋಸ್ ಸೆಟ್ ಟ್ಯಾಬ್‌ಸ್ಟಾಪ್? ಕೊಡಿ, ಪ್ರಶ್ನಾರ್ಥಕ ಚಿಹ್ನೆಯೂ ಬೇಕು. ಈ ಬೆಲೆಯನ್ನು ಕೊನೆಗೆ ಬರೆದವರು ಯಾರು, ಯಾವ ಫೈಲಿನ ಯಾವ ಸಾಲು ಅಂತ ವಿಮ್ ಹೇಳುತ್ತದೆ. ಅಲ್ಲಿ ನಿಮ್ಮ ಸೆಷನ್ ಫೈಲಿನ ಹೆಸರು ಬಂದರೆ ಕಳ್ಳ ಸಿಕ್ಕ ಹಾಗೆ. ಯಾವುದೇ ಸೆಟ್ಟಿಂಗ್‌ಗೂ ಈ ಪ್ರಶ್ನೆ ಕೇಳಬಹುದು.

ಕಾರಣ ಇಷ್ಟು. ವಿಮ್‌ನ ಸೆಷನ್‌ಆಪ್ಷನ್ಸ್‌ನಲ್ಲಿ ಆಪ್ಷನ್ಸ್ ಅನ್ನುವ ಪದ ಮೊದಲಿನಿಂದಲೇ ಸೇರಿರುತ್ತದೆ. ಅದು ಇದ್ದರೆ ಆ ಹೊತ್ತಿನ ಸೆಟ್ಟಿಂಗ್‌ಗಳು, ಮ್ಯಾಪಿಂಗ್‌ಗಳು ಸೆಷನ್ ಒಳಗೆ ನಕಲಾಗುತ್ತವೆ. ತೆರೆಯುವಾಗ ಮೊದಲು ವಿಮ್‌ಆರ್‌ಸಿ ಓಡುತ್ತದೆ, ಆಮೇಲೆ ಸೆಷನ್. ಆಮೇಲೆ ಬಂದವರ ಮಾತೇ ನಡೆಯುತ್ತದೆ ಅಲ್ವಾ? ನಿಯೋವಿಮ್‌ನವರು ಈ ಪದವನ್ನು ಮೂಲ ಪಟ್ಟಿಯಿಂದಲೇ ತೆಗೆದಿದ್ದಾರೆ. ಟಿಮ್ ಪೋಪ್ ಅವರ ವಿಮ್-ಸೆನ್ಸಿಬಲ್ ಪ್ಲಗಿನ್ ಕೂಡ ಇದನ್ನು ತೆಗೆಯುತ್ತದೆ.

ಪರಿಹಾರಕ್ಕೆ ವಿಮ್‌ಆರ್‌ಸಿಯಲ್ಲಿ ಸೆಟ್ ಸೆಷನ್‌ಆಪ್ಷನ್ಸ್-=ಆಪ್ಷನ್ಸ್ ಅಂತ ಒಂದು ಸಾಲು ಸೇರಿಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಹಳೆಯ ಸೆಷನ್ ಫೈಲಿನಲ್ಲಿ ಹಳೆಯ ಸೆಟ್ಟಿಂಗ್‌ಗಳು ಇನ್ನೂ ಕೂತಿವೆ, ಸೆಷನ್‌ಆಪ್ಷನ್ಸ್‌ನ ಹಳೆಯ ಬೆಲೆಯೂ ಅವುಗಳಲ್ಲಿ ಒಂದಾಗಿರಬಹುದು. ಅದನ್ನು ತೆರೆದ ಕೂಡಲೇ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಹಾಗಾಗಿ ಸೆಷನ್ ತೆರೆದ ಮೇಲೆ ಅದೇ ಆಜ್ಞೆಯನ್ನು ಕೈಯಾರೆ ಇನ್ನೊಮ್ಮೆ ಕೊಡಿ. ಫೈಲುಗಳೆಲ್ಲ ಸರಿಯಾಗಿವೆಯಾ ನೋಡಿ. ಆಮೇಲೆ :ಎಂಕೆಸೆಷನ್! ಕೊಟ್ಟು ಹೊರಬಂದು ಮತ್ತೆ ತೆರೆಯಿರಿ.

ಆಪ್ಷನ್ಸ್ ತೆಗೆದರೆ ಕೆಲವು ಸಂಗತಿ ಸರಿಯಾಗಿ ಮರಳುವುದಿಲ್ಲ ಅಂತ ವಿಮ್‌ನ ಸಹಾಯ ಪುಟವೇ ಎಚ್ಚರಿಸುತ್ತದೆ. ಸೆಷನ್ ನಡುವೆ ಕೈಯಾರೆ ಬದಲಿಸಿದ ಸೆಟ್ಟಿಂಗ್‌ಗಳು ಹೋಗುತ್ತವೆ, ನಿಜ. ಬೇಕಾದ ಸೆಟ್ಟಿಂಗ್‌ಗಳನ್ನೆಲ್ಲ ವಿಮ್‌ಆರ್‌ಸಿಯಲ್ಲೇ ಇಟ್ಟುಕೊಳ್ಳುವವರಿಗೆ ತೆಗೆಯುವುದೇ ವಾಸಿ.

ಲಕ್ಷಣ: ಟ್ಯಾಬ್‌ಗಳು ಕಾಣೆ, ಅಥವಾ ಹಳೆಯ ಫೈಲುಗಳ ರಾಶಿ

ಒಂದೇ ಟ್ಯಾಬ್ ಬಂದರೆ ಸೆಷನ್‌ಆಪ್ಷನ್ಸ್‌ನಲ್ಲಿ ಟ್ಯಾಬ್‌ಪೇಜಸ್ ಇಲ್ಲ, ಸೇರಿಸಿ. ಎಂದೋ ಮುಚ್ಚಿದ ಫೈಲುಗಳು :ಎಲ್‌ಎಸ್ ಪಟ್ಟಿಯಲ್ಲಿ ತುಂಬಿದ್ದರೆ ಅವು ಮುಚ್ಚಿಲ್ಲ, ಮರೆಯಾಗಿದ್ದವು ಅಷ್ಟೇ. ಬೇಡದ್ದನ್ನು :ಬಿಡಿ (ಬಫರ್ ಡಿಲೀಟ್) ಜೊತೆಗೆ ಸಂಖ್ಯೆ ಕೊಟ್ಟು ತೆಗೆದು ಮತ್ತೆ ಉಳಿಸಿ.

ಲಕ್ಷಣ: ನಿನ್ನೆ ಇದ್ದ ಸೆಷನ್ ಇಂದು ಇಲ್ಲವೇ ಇಲ್ಲ

ಮೂರು ವಾರ ಬೆಳೆಸಿದ್ದ ಸೆಷನ್ ಒಂದನ್ನು ನಾನು ಹೀಗೇ ಕಳೆದುಕೊಂಡೆ. ವಿಮ್ ಮುಚ್ಚುವಾಗ ತಾನಾಗೇ ಉಳಿಯಲಿ ಅಂತ ವಿಮ್‌ಲೀವ್ ಘಟನೆಗೆ ಎಂಕೆಸೆಷನ್! ಕಟ್ಟಿದ್ದೆ, ಹೋಮ್ ಫೋಲ್ಡರಿನ ಒಂದೇ ಫೈಲಿಗೆ. ಸಂಜೆ ಬೇರೆ ಟರ್ಮಿನಲ್‌ನಲ್ಲಿ ಗಿಟ್ ಕಮಿಟ್ ಕೊಟ್ಟೆ. ಸಂದೇಶ ಬರೆಯಲು ಗಿಟ್ ತೆರೆದದ್ದೂ ವಿಮ್ ಅನ್ನೇ. ಎರಡು ಸಾಲು ಬರೆದು ಮುಚ್ಚಿದೆ. ಆ ಪುಟ್ಟ ವಿಮ್ ಕೂಡ ಹೋಗುವಾಗ ತನ್ನ ಸೆಷನ್ ಉಳಿಸಿ ಹೋಯಿತು, ನನ್ನದರ ಮೇಲೆ.

ನಿಮ್ಮ ಸೆಷನ್ ತೆರೆದಾಗ ಗಿಟ್‌ನ ಕಮಿಟ್ ಸಂದೇಶದ ಫೈಲು ಒಂದೇ ಬಂದರೆ ಇದೇ ಆಗಿದೆ. ವಿ:ದಿಸ್_ಸೆಷನ್ ಅನ್ನುವ ಚರದಲ್ಲಿ ಈಗ ತೆರೆದಿರುವ ಸೆಷನ್ ಫೈಲಿನ ಹೆಸರು ಇರುತ್ತದೆ. ಅದು ಖಾಲಿ ಇದ್ದರೆ ಉಳಿಸಬೇಡ ಅನ್ನುವ ಷರತ್ತು ಹಾಕಿ. ಇದಕ್ಕಿಂತ ಒಳ್ಳೆಯದು ವಿಮ್-ಅಬ್ಸೆಷನ್ ಪ್ಲಗಿನ್. ಅದು ಜೋಡಣೆ ಬದಲಾದಾಗಲೆಲ್ಲ ಬರೆಯುತ್ತದೆ. ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆರಿಹೋದರೆ ವಿಮ್‌ಲೀವ್ ಓಡುವುದೇ ಇಲ್ಲ. ಅಂಥಲ್ಲಿ ಈ ವ್ಯತ್ಯಾಸ ದೊಡ್ಡದು.

ಹೋದದ್ದು ಹೋಯಿತು ಅಂದುಕೊಳ್ಳಬೇಡಿ. :ಬ್ರೌಸ್ ಓಲ್ಡ್‌ಫೈಲ್ಸ್ ಕೊಡಿ. ಮೂಲ ಸೆಟ್ಟಿಂಗ್‌ನಲ್ಲಿ ವಿಮ್‌ಇನ್ಫೋ ಹಿಂದಿನ 100 ಫೈಲುಗಳವರೆಗೆ ನೆನಪಿಡುತ್ತದೆ. ನಾನು ನನ್ನ ಪಟ್ಟಿಯನ್ನು ಅಲ್ಲಿಂದಲೇ ಮತ್ತೆ ಕಟ್ಟಿದೆ.

ಲಕ್ಷಣ: ತೆರೆಯುವಾಗ ಇ325, ಸ್ವಾಪ್ ಫೈಲ್ ಎಚ್ಚರಿಕೆ

ಇದು ಸೆಷನ್ ದೋಷ ಅಲ್ಲ. ಸ್ವಾಪ್ ಅಂದರೆ ನೀವು ಬರೆಯುತ್ತಿರುವುದನ್ನು ವಿಮ್ ತಾತ್ಕಾಲಿಕವಾಗಿ ಬರೆದಿಡುವ ಫೈಲು. ಆದರೆ ನಿಮ್ಮ ಬರಹ ನಿಜವಾಗಿ ಅಪಾಯದಲ್ಲಿರುವುದು ಇಲ್ಲಿ ಮಾತ್ರ. ದಯವಿಟ್ಟು ಕೀಲಿ ಒತ್ತುವ ಮೊದಲು ಪರದೆ ಪೂರ್ತಿ ಓದಿ.

ಪ್ರೊಸೆಸ್ ಐಡಿಯ ಪಕ್ಕ "ಸ್ಟಿಲ್ ರನ್ನಿಂಗ್" ಅಂತ ಇದ್ದರೆ ಆ ಫೈಲು ಇನ್ನೊಂದು ವಿಮ್‌ನಲ್ಲಿ ತೆರೆದೇ ಇದೆ. ರಿಕವರ್ ಬೇಡ, ಎಡಿಟ್ ಎನಿವೇ ಕೂಡ ಬೇಡ. ಅಬಾರ್ಟ್ ಆರಿಸಿ. ಕ್ವಿಟ್ ಆ ಒಂದು ಫೈಲನ್ನು ಮಾತ್ರ ಬಿಡುತ್ತದೆ, ಅಬಾರ್ಟ್ ಉಳಿದ ಸೆಷನ್ ಸಾಲುಗಳನ್ನೂ ನಿಲ್ಲಿಸುತ್ತದೆ. ಆಮೇಲೆ ಟಿಮಕ್ಸ್ ಎಲ್‌ಎಸ್ ಕೊಟ್ಟು ನೋಡಿ. ಎಸ್‌ಎಸ್‌ಎಚ್ ಕಡಿದುಹೋದ ಮೇಲೂ ಹಳೆಯ ವಿಮ್ ಟಿಮಕ್ಸ್ ಒಳಗೆ ಹಾಗೇ ಕಾಯುತ್ತಿರುತ್ತದೆ. ಅಲ್ಲಿಗೆ ಮರಳಿದರೆ ಸೆಷನ್ ತೆರೆಯುವ ಅಗತ್ಯವೇ ಇಲ್ಲ.

"ಸ್ಟಿಲ್ ರನ್ನಿಂಗ್" ಇಲ್ಲದಿದ್ದರೆ ಹಳೆಯ ವಿಮ್ ಸತ್ತಿದೆ, ಉಳಿಸದ ಬರಹ ಸ್ವಾಪ್‌ನಲ್ಲಿ ಇರಬಹುದು. ಸುಮಾರು 200 ಅಕ್ಷರ ಬರೆದಾಗ ಅಥವಾ 4 ಸೆಕೆಂಡ್ ಸುಮ್ನೆ ಬಿಟ್ಟಾಗ ವಿಮ್ ಸ್ವಾಪ್‌ಗೆ ಬರೆಯುತ್ತದೆ. ಅಂದರೆ ಕೊನೆಯ ಒಂದೆರಡು ವಾಕ್ಯ ಬಿಟ್ಟರೆ ಬಹುತೇಕ ಸಿಗುತ್ತದೆ. ಸೆಷನ್ ಮೂಲಕ ಅಲ್ಲದೆ ಆ ಫೈಲೊಂದನ್ನೇ ತೆರೆದು ರಿಕವರ್ ಆರಿಸಿ. ಬಂದದ್ದನ್ನು :ಡಬ್ಲ್ಯೂ ಜೊತೆಗೆ ಬೇರೆ ಹೆಸರು ಕೊಟ್ಟು ಉಳಿಸಿ. ವಿಮ್‌ಡಿಫ್‌ನಲ್ಲಿ ಮೂಲ ಫೈಲನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಪ್ಪಿಗೆಯಾದ ಮೇಲೆಯೇ ಸ್ವಾಪ್ ಅಳಿಸಿ. ಮೊದಲೇ ಡಿಲೀಟ್ ಒತ್ತಿದರೆ ಹಿಂದಿರುಗುವ ದಾರಿ ಇಲ್ಲ.

ಲಕ್ಷಣ: ಟರ್ಮಿನಲ್ ವಿಂಡೋದಲ್ಲಿ ಹಳೆಯ ಕೆಲಸ ಇಲ್ಲ

ವಿಮ್ ಒಳಗೆ :ಟರ್ಮಿನಲ್ ತೆರೆದಿದ್ದರೆ ಸೆಷನ್ ಅದನ್ನು ಹೊಸದಾಗಿ ಶುರು ಮಾಡುತ್ತದೆ. ಹಳೆಯ ಪ್ರೊಸೆಸ್ ಮರಳುವುದಿಲ್ಲ. ಶೆಲ್ ಬದಲು ನೇರ ಒಂದು ಆಜ್ಞೆಯನ್ನೇ ಆ ವಿಂಡೋದಲ್ಲಿ ಓಡಿಸಿದ್ದರೆ, ಸೆಷನ್ ತೆರೆದಾಗ ಅದೇ ಆಜ್ಞೆ ಮತ್ತೆ ಓಡಬಹುದು. ಡೇಟಾಬೇಸ್ ಅಳಿಸುವಂಥ, ಸರ್ವರ್‌ಗೆ ಫೈಲು ಹಾಕುವಂಥ ಆಜ್ಞೆಯಾದರೆ ಯೋಚನೆ ಮಾಡಿ. ಅಂಥ ವಿಂಡೋ ಮುಚ್ಚಿಯೇ ಸೆಷನ್ ಉಳಿಸಿ, ಇಲ್ಲವೇ ಸೆಷನ್‌ಆಪ್ಷನ್ಸ್‌ನಿಂದ ಟರ್ಮಿನಲ್ ಪದ ತೆಗೆಯಿರಿ.

ಲಕ್ಷಣ: ಕನ್ನಡ ಅಕ್ಷರ ಗೀಚಿದ ಹಾಗೆ ಕಾಣುತ್ತಿದೆ

ಎಸ್‌ಎಸ್‌ಎಚ್‌ನಲ್ಲಿ ಬೇರೆ ಯಂತ್ರಕ್ಕೆ ಹೋಗಿ ಸೆಷನ್ ತೆರೆದಾಗ ಹೀಗಾದರೆ ಶೆಲ್‌ನಲ್ಲಿ ಲೊಕೇಲ್ ಕೊಡಿ. ಯುಟಿಎಫ್-8 ಇಲ್ಲದೆ ಬರೀ ಸಿ ಅಂತ ಇದ್ದರೆ ವಿಮ್ ತಪ್ಪು ಎನ್‌ಕೋಡಿಂಗ್ ಹಿಡಿದಿದೆ. ಏನನ್ನೂ ಉಳಿಸದೆ ಹೊರಬಂದು, ಲೊಕೇಲ್ ಸರಿಮಾಡಿ ಮತ್ತೆ ತೆರೆಯಿರಿ. ಅಕ್ಷರ ಸರಿ ಇದ್ದು ಒತ್ತಕ್ಷರದ ಹತ್ತಿರ ಕರ್ಸರ್ ಮಾತ್ರ ಅತ್ತಿತ್ತ ನಿಂತರೆ ಅದು ಟರ್ಮಿನಲ್ ಅಕ್ಷರ ಬಿಡಿಸುವ ರೀತಿಯ ತೊಂದರೆ. ಸೆಷನ್ ಸ್ಥಾನ ಸರಿಯಾಗೇ ನೆನಪಿಟ್ಟಿರುತ್ತದೆ.

ಯಾವುದೂ ಹೊಂದಲಿಲ್ಲ ಅಂದರೆ

ವಿಮ್ --ಕ್ಲೀನ್ -ಎಸ್ ಸೆಷನ್.ವಿಮ್ ಕೊಡಿ. ಇದು ನಿಮ್ಮ ವಿಮ್‌ಆರ್‌ಸಿ, ಪ್ಲಗಿನ್ ಯಾವುದನ್ನೂ ಓದುವುದಿಲ್ಲ. ಸೆಷನ್ ಚೆನ್ನಾಗಿ ತೆರೆದರೆ ದೋಷ ನಿಮ್ಮ ಸೆಟ್ಟಿಂಗ್‌ನಲ್ಲಿದೆ. ವಿಮ್‌ಆರ್‌ಸಿಯ ಅರ್ಧ ಭಾಗವನ್ನು ಟಿಪ್ಪಣಿ ಮಾಡಿ ನೋಡಿ, ದೋಷ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. 200 ಸಾಲಿನ ವಿಮ್‌ಆರ್‌ಸಿಯಲ್ಲೂ ಎಂಟು ಸುತ್ತಿನೊಳಗೆ ತಪ್ಪಿದ ಸಾಲು ಸಿಗುತ್ತದೆ. ಕ್ಲೀನ್‌ನಲ್ಲೂ ಕೆಟ್ಟರೆ ಸೆಷನ್ ಫೈಲೇ ಕಾರಣ. ಅದರ ಪಕ್ಕ ಸೆಷನ್ಎಕ್ಸ್.ವಿಮ್ ಅನ್ನುವ ಫೈಲು ಇದೆಯಾ ನೋಡಿ. ಇದ್ದರೆ ವಿಮ್ ಅದನ್ನೂ ಸೆಷನ್ ಜೊತೆ ಓಡಿಸುತ್ತದೆ. ಯಾವಾಗಲೋ ಬರೆದು ಮರೆತದ್ದು ಅಲ್ಲಿ ಕೂತಿರಬಹುದು.

ಸ್ವಾಪ್‌ನಿಂದ ರಿಕವರ್ ಮಾಡುವಾಗ ನಡುನಡುವೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳು ಬಂದರೆ, ಇ297 (ಸ್ವಾಪ್‌ಗೆ ಬರೆಯುವಾಗ ದೋಷ) ಬಂದರೆ, ಡಿಸ್ಕ್ ಓದುವಾಗ ಎರರ್ ಬಂದರೆ ಅಲ್ಲಿಗೆ ನಿಲ್ಲಿಸಿ. ಸ್ವಾಪ್ ಫೈಲನ್ನು ಬೇರೆ ಡಿಸ್ಕ್‌ಗೆ ನಕಲಿಸಿ ತಿಳಿದವರ ಹತ್ತಿರ ಹೋಗಿ. ಆಫೀಸಿನ ಸರ್ವರ್ ಆದರೆ ಇನ್ನೊಬ್ಬರ ಪ್ರೊಸೆಸ್ ನೀವೇ ಕೊಲ್ಲಬೇಡಿ, ಅಡ್ಮಿನ್‌ಗೆ ತಿಳಿಸಿ. ಸಹಾಯ ಕೇಳುವಾಗ ವಿಮ್ ಆವೃತ್ತಿ, :ಮೆಸೇಜಸ್‌ನ ಸಾಲುಗಳು, :ಸೆಟ್ ಸೆಷನ್‌ಆಪ್ಷನ್ಸ್? ಕೊಟ್ಟ ಉತ್ತರ, ಈ ಮೂರನ್ನು ಕೊಡಿ. ಸೆಷನ್ ಫೈಲನ್ನು ಕೊಡುವುದಾದರೆ ಮೊದಲು ಓದಿ ನೋಡಿ. ನಿಮ್ಮ ಫೋಲ್ಡರ್‌ಗಳ ಹೆಸರು, ಮ್ಯಾಪಿಂಗ್‌ಗಳಲ್ಲಿ ಬರೆದಿಟ್ಟ ಗುಟ್ಟಿನ ಪದಗಳು ಅದರಲ್ಲಿ ಇರಬಹುದು.

ಬೇರೆಯವರು ಕೊಟ್ಟ ಸೆಷನ್ ಫೈಲನ್ನು ಓದದೆ ತೆರೆಯಬೇಡಿ. ಅದು ವಿಮ್ ಸ್ಕ್ರಿಪ್ಟ್, ಅದರೊಳಗಿನ ಯಾವ ಸಾಲೂ ನಿಮ್ಮ ಶೆಲ್‌ನಲ್ಲಿ ಆಜ್ಞೆ ಓಡಿಸಬಲ್ಲದು. ಗಿಟ್‌ನಿಂದ ಇಳಿಸಿದ ಪ್ರಾಜೆಕ್ಟ್ ಒಳಗೆ ಸೆಷನ್.ವಿಮ್ ಸಿಕ್ಕರೂ ಅಷ್ಟೇ. ನಿಮ್ಮದು ಹಾಗೆ ಹೊರಗೆ ಹೋಗದಿರಲು ಗಿಟ್‌ಇಗ್ನೋರ್‌ನಲ್ಲಿ ಆ ಹೆಸರು ಸೇರಿಸಿಡಿ.